ಶಾಲಾ ಬಸ್ಸನ್ನು ಪೊಲೀಸರು ತಡೆದ ಮೇಲೆ: ಪೋಷಕರು ಯಾರ ಬಳಿ ಹೋಗಬೇಕು?

ಪ್ರಶ್ನೆ: ನಾವಿರುವುದು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಶಾಲೆಯ ಬಸ್ಸು ಬೆಳಿಗ್ಗೆ 7.20ಕ್ಕೆ ಮೊದಲ ಸ್ಟಾಪ್ ಬಿಟ್ಟು, 22 ಕಿ.ಮೀ. ಸುತ್ತಿ, 18 ಕಡೆ ನಿಂತು, 8.05ಕ್ಕೆ ಶಾಲೆ ಮುಟ್ಟುತ್ತದೆ. ಮಕ್ಕಳನ್ನು ಇಳಿಸಿ ಮತ್ತೆ ಎರಡನೇ ಟ್ರಿಪ್‌ಗೆ ಹೊರಡುತ್ತದೆ. ಹೋದ ತಿಂಗಳು ಪೊಲೀಸರು ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸಿ, ಚಾಲಕನಿಂದ ಯಂತ್ರಕ್ಕೆ ಊದಿಸಿ, ಮಕ್ಕಳನ್ನು ಎಣಿಸಿ, ಹೆಚ್ಚು ಮಂದಿ ಇದ್ದಾರೆಂದು ದಂಡ ಹಾಕಿದರು. ಮಕ್ಕಳು ಮುಕ್ಕಾಲು ಗಂಟೆ ಅಲ್ಲೇ ಉಳಿಯಬೇಕಾಯಿತು. ಅಂದಿನಿಂದ ಮಗಳು ಖಾಕಿ ಕಂಡರೆ ಅಳುತ್ತಾಳೆ. ಶಾಲೆಯವರು ‘ಇದು ಪೊಲೀಸರ ಕಿರುಕುಳ, ಹೀಗೇ ಆದರೆ ಬಸ್ಸನ್ನೇ ನಿಲ್ಲಿಸುತ್ತೇವೆ, ಗೇಟಿನ ಹೊರಗೆ ಆಗುವುದಕ್ಕೆ ನಾವು ಹೊಣೆಯಲ್ಲ’ ಎಂದು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದಾರೆ. ಕೆಲವರು ಸೇರಿ ಓಮ್ನಿ ಗೊತ್ತುಮಾಡುತ್ತಿದ್ದಾರೆ. ಸಂಜೆ ಮಗಳು ಬಸ್ಸಿಳಿದು ಹೆದ್ದಾರಿ ದಾಟಬೇಕು, ಅದು ಇನ್ನೊಂದು ಭಯ. ದೂರು ಕೊಟ್ಟರೆ ಶಾಲೆಯಲ್ಲಿ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡಾರೆಂಬ ಅಳುಕೂ ಇದೆ. ಏನು ಮಾಡಲಿ?

ಉತ್ತರ (ನಿವೃತ್ತ ಹಿರಿಯ ಮೋಟಾರು ವಾಹನ ನಿರೀಕ್ಷಕರಿಂದ):

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಟ್ಟಿಗೆ ಬಂದಿವೆ: ಬಸ್ಸು ಸುರಕ್ಷಿತವೇ, ಪೊಲೀಸರು ಮಾಡಿದ್ದು ಸರಿಯೇ, ಬಾಯಿ ಬಿಟ್ಟರೆ ಮಗುವಿಗೆ ತೊಂದರೆಯೇ. ನನ್ನ ಲೆಕ್ಕದಲ್ಲಿ ಇವುಗಳಿಗಿಂತ ದೊಡ್ಡದು, ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿರುವ, ಸಂಜೆ ಹೆದ್ದಾರಿ ದಾಟುವ ವಿಷಯ. ಅದನ್ನು ಶಾಲೆಯೊಂದೇ ಸರಿಪಡಿಸಲಾರದು, ಪೊಲೀಸರೊಬ್ಬರೇ ಸರಿಪಡಿಸಲಾರರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಮುಕ್ಕಾಲು ಗಂಟೆಯ ಮಾತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 194ಎ ಎಂಬ ಕಲಂ ಸೇರಿತು. ಮಿತಿ ಮೀರಿ ಹತ್ತಿಸಿಕೊಂಡ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ ದಂಡ ಎನ್ನುವುದು ಅದರ ಅರ್ಧ ಭಾಗ ಮಾತ್ರ. ಹೆಚ್ಚುವರಿ ಪ್ರಯಾಣಿಕರನ್ನು ಇಳಿಸಿ, ಅವರಿಗೆ ಬೇರೆ ವಾಹನದ ವ್ಯವಸ್ಥೆಯಾಗುವ ತನಕ ಆ ಬಸ್ಸನ್ನು ಮುಂದಕ್ಕೆ ಬಿಡಕೂಡದೆಂದೂ ಅದೇ ಕಲಂ ಹೇಳುತ್ತದೆ. ಹಾಗಾಗಿ ಬಸ್ಸನ್ನು ನಿಲ್ಲಿಸಿಕೊಂಡದ್ದು ಪೊಲೀಸರ ಮನಸ್ಸಿಗೆ ಬಂದಂತೆ ಮಾಡಿದ ಕೆಲಸವಲ್ಲ. ಅಷ್ಟು ಹೊತ್ತು ಹಿಡಿಯಲು ಕಾರಣ, ಠಾಣೆಯ ಬಳಿ ಶಾಲೆಯ ಸಾರಿಗೆ ನೋಡಿಕೊಳ್ಳುವವರ ಫೋನ್ ನಂಬರ್ ಇರಲಿಲ್ಲ, ಶಾಲೆಯ ಬಳಿ ಕಳುಹಿಸಲು ಇನ್ನೊಂದು ವಾಹನ ಸಿದ್ಧವಿರಲಿಲ್ಲ ಎಂದೇ ನಾನು ಊಹಿಸುತ್ತೇನೆ. ಆದರೂ ಹೆದ್ದಾರಿಯ ಬದಿಯಲ್ಲಿ, ಮಕ್ಕಳು ಒಳಗಿರುವಾಗ, ಬಸ್ಸು ನಿಲ್ಲಿಸಿ ತಪಾಸಣೆ ಮಾಡುವುದು ಒಳ್ಳೆಯ ಪದ್ಧತಿ ಎಂದು ನಾನು ಹೇಳುವುದಿಲ್ಲ. ಉಸಿರಿನ ಪರೀಕ್ಷೆಯನ್ನು ಬಸ್ಸು ಶೆಡ್ ಬಿಡುವ ಮೊದಲೇ ಶಾಲೆಯವರು ಮಾಡಬಹುದು, ಪೊಲೀಸರು ಶಾಲೆಯ ಗೇಟಿನಲ್ಲಿ ಮಕ್ಕಳು ಇಳಿದ ಕೂಡಲೇ ಮಾಡಬಹುದು. ಎರಡಕ್ಕೂ ಮುಂಚಿತವಾಗಿ ಮಾತಾಡಿಕೊಂಡಿರಬೇಕು, ಅಷ್ಟೇ.

ಉಸಿರಿನ ಪರೀಕ್ಷೆಯನ್ನು ಅವಮಾನವೆಂದು ಬಗೆಯುವ ಆಡಳಿತ ಮಂಡಳಿಗಳನ್ನು ನಾನು ಬಹಳ ನೋಡಿದ್ದೇನೆ. ‘ನಮ್ಮ ಡ್ರೈವರ್ ಬೆಳಿಗ್ಗೆ ಕುಡಿಯುವವನಲ್ಲ’ ಎನ್ನುತ್ತಾರೆ, ಅದು ನಿಜವೂ ಇರುತ್ತದೆ. ಆದರೆ ರಾತ್ರಿ ಕುಡಿದದ್ದು ನಿದ್ದೆ ಮಾಡಿದೊಡನೆ ಇಳಿಯುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿನ ಮದ್ಯ ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಕಡಿಮೆಯಾಗುತ್ತದೆ. ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮದುವೆಮನೆಯಲ್ಲಿ ನಡುರಾತ್ರಿ 150ರಲ್ಲಿದ್ದವನು ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಾಫಿ ಕುಡಿದು ಸ್ಟಿಯರಿಂಗ್ ಹಿಡಿದರೂ 60ರ ಆಸುಪಾಸಿನಲ್ಲೇ ಇರುತ್ತಾನೆ. ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳ ಮೇಲೆ ವಿಶೇಷ ತಪಾಸಣೆ ನಡೆಸಿದಾಗಲೆಲ್ಲ ಸಿಕ್ಕಿಬೀಳುವವರಲ್ಲಿ ಹಲವರು ಹೀಗೆ ಹಿಂದಿನ ರಾತ್ರಿಯವರು. ನಿಮ್ಮ ಚಾಲಕ ಪರೀಕ್ಷೆಯಲ್ಲಿ ಪಾಸಾಗಿದ್ದಾನೆಂದು ಕಾಣುತ್ತದೆ, ಏಕೆಂದರೆ ದಂಡ ಬಿದ್ದದ್ದು ಮಕ್ಕಳ ಸಂಖ್ಯೆಗೆ. ಅಷ್ಟರ ಮಟ್ಟಿಗೆ ಆ ತಪಾಸಣೆ ನಿಮಗೊಂದು ಒಳ್ಳೆಯ ಸುದ್ದಿಯನ್ನೇ ಕೊಟ್ಟಿದೆ.

‘ಗೇಟಿನ ಹೊರಗೆ ಹೊಣೆಯಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಕಾಯ್ದೆಯ ಪ್ರಕಾರ ‘ಶಿಕ್ಷಣ ಸಂಸ್ಥೆಯ ಬಸ್ಸು’ ಎಂದರೆ ಸಂಸ್ಥೆಯೇ ಮಾಲೀಕತ್ವ ಹೊಂದಿದ್ದು, ವಿದ್ಯಾರ್ಥಿಗಳನ್ನೂ ಸಿಬ್ಬಂದಿಯನ್ನೂ ಕರೆದೊಯ್ಯಲು ಮಾತ್ರ ಬಳಸುವ ವಾಹನ. ಆರ್‌ಸಿ ಪುಸ್ತಕದಲ್ಲಿ ಮಾಲೀಕರೆಂದು ಶಾಲೆಯ ಹೆಸರಿದ್ದು, ಪರ್ಮಿಟ್ಟೂ ಅದೇ ಹೆಸರಿನಲ್ಲಿದ್ದ ಮೇಲೆ ಬಸ್ಸು ಗೇಟಿನ ಹೊರಗೆ ಓಡುವಾಗಲೂ ಅದು ಶಾಲೆಯದೇ. ಗುತ್ತಿಗೆದಾರನ ಬಸ್ಸಾದರೆ ಪರ್ಮಿಟ್ ಆತನದು, ಬಸ್ಸಿನ ಮೇಲೆ ‘ಶಾಲಾ ಕರ್ತವ್ಯದ ಮೇಲೆ’ ಎಂಬ ಬರಹ ಇರಬೇಕು. ಆಗಲೂ ಅವನನ್ನು ಆರಿಸಿದ್ದು, ಮಾರ್ಗ ನಿಗದಿ ಮಾಡಿದ್ದು, ನಿಮ್ಮಿಂದ ಶುಲ್ಕ ಪಡೆದದ್ದು ಶಾಲೆ. ನಿಮ್ಮ ಬಸ್ಸು ಯಾವ ಬಗೆಯದೆಂದು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆ, ಹೊಗೆ ತಪಾಸಣೆ ಎಲ್ಲಿಯ ತನಕ ಇವೆ ಎಂಬುದೂ ಅಲ್ಲೇ ಸಿಗುತ್ತದೆ. ಬಸ್ಸು ಎಂಟು ವರ್ಷ ದಾಟಿದ್ದರೆ ಎಫ್‌ಸಿ ಪ್ರತಿ ವರ್ಷ ಆಗಬೇಕು.

ಹಳದಿ ಬಣ್ಣ ಬಳಿದಾಕ್ಷಣ ಶಾಲಾ ಬಸ್ಸಾಗುತ್ತದೆ ಎಂಬ ನಂಬಿಕೆ ಪೋಷಕರಲ್ಲಿ ಗಟ್ಟಿಯಾಗಿದೆ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಬಳಿ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ತೀರಿಕೊಂಡ ಬೆನ್ನಿಗೇ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳೇ ಇಂದಿನ ಷರತ್ತುಗಳ ಬುನಾದಿ. ಕಿಟಕಿಗೆ ಅಡ್ಡ ಸರಳು, ಬೀಗ ಹಾಕಬಹುದಾದ ಬಾಗಿಲು, ಬೆಂಕಿ ನಂದಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಶಾಲೆಯ ಹೆಸರು ಮತ್ತು ಫೋನ್ ನಂಬರ್, ತರಬೇತಾದ ಸಹಾಯಕರು, ಭಾರಿ ವಾಹನ ಓಡಿಸಿ ಕನಿಷ್ಠ ಐದು ವರ್ಷ ಪಳಗಿದ ಚಾಲಕ, ಗಂಟೆಗೆ 40 ಕಿ.ಮೀ. ಮೀರದಂತೆ ಸ್ಪೀಡ್ ಗವರ್ನರ್ ಇವೆಲ್ಲ ಅಲ್ಲಿಂದ ಬಂದವು. ಕರ್ನಾಟಕವು ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗಾಗಿ 2012ರಲ್ಲಿ ಪ್ರತ್ಯೇಕ ನಿಯಮಗಳನ್ನೇ ಮಾಡಿತು. ಇವುಗಳ ನಡುವೆ ಅತಿ ಹೆಚ್ಚು ದುರುಪಯೋಗವಾಗುವುದು ‘ಒಂದೂವರೆ ಪಟ್ಟು’ ಎಂಬ ವಿನಾಯಿತಿ. 12 ವರ್ಷದೊಳಗಿನ ಮಕ್ಕಳಾದರೆ ಸೀಟುಗಳ ಒಂದೂವರೆ ಪಟ್ಟು ಮಂದಿಯನ್ನು ಕೂರಿಸಬಹುದು, ಅಂದರೆ ಇಬ್ಬರ ಸೀಟಿನಲ್ಲಿ ಮೂವರು ಚಿಕ್ಕವರು. 12 ದಾಟಿದವರಿಗೆ ಒಬ್ಬರಿಗೆ ಒಂದು ಸೀಟು. ಹೈಸ್ಕೂಲಿನವರನ್ನೂ ಒಂದೂವರೆಯ ಲೆಕ್ಕಕ್ಕೆ ಸೇರಿಸಿ, ಉಳಿದವರನ್ನು ನಿಲ್ಲಿಸಿಕೊಂಡು ಹೋಗುವುದು ಎಲ್ಲೆಡೆಯ ರೂಢಿ. ಜೋರಾಗಿ ಬ್ರೇಕ್ ಬಿದ್ದಾಗ ಮೊದಲು ಪೆಟ್ಟಾಗುವುದು ನಿಂತವರಿಗೆ.

ಈಗ ಮೂಲ ಕಾರಣಕ್ಕೆ ಬರೋಣ. ನೀವೇ ಕೊಟ್ಟಿರುವ ಅಂಕಿಗಳನ್ನು ಒಮ್ಮೆ ಕೂಡಿ ನೋಡಿ. ಒಂದು ಸ್ಟಾಪಿನಲ್ಲಿ ಬಸ್ಸು ನಿಧಾನಿಸಿ, ಬಾಗಿಲು ತೆರೆದು, ಮಕ್ಕಳು ಹತ್ತಿ ಕೂತು, ಮತ್ತೆ ಹೊರಡಲು ಒಂದೂವರೆ ನಿಮಿಷ ಎಂದರೆ ಅದು ಧಾರಾಳವಲ್ಲ, ಬಿಗಿಯಾದ ಲೆಕ್ಕ. ಹದಿನೆಂಟು ಸ್ಟಾಪಿಗೆ 27 ನಿಮಿಷ ಹೋಯಿತು. ಒಟ್ಟು 45 ನಿಮಿಷದಲ್ಲಿ ಉಳಿದದ್ದು 18 ನಿಮಿಷ, ಅಷ್ಟರಲ್ಲಿ 22 ಕಿ.ಮೀ. ಓಡಬೇಕಾದರೆ ಬಸ್ಸು ಸರಾಸರಿ 73 ಕಿ.ಮೀ. ವೇಗದಲ್ಲಿರಬೇಕು. ಗವರ್ನರ್ 40ಕ್ಕೆ ಕಟ್ಟಿರುವ ಬಸ್ಸಿನಲ್ಲಿ ಅದು ಆಗದ ಮಾತು. ಹಾಗಿದ್ದೂ ಬಸ್ಸು ದಿನವೂ 8.05ಕ್ಕೆ ಬರುತ್ತಿದೆಯೆಂದರೆ ಒಂದೋ ಗವರ್ನರಿನ ತಂತಿ ಬಿಚ್ಚಿದೆ, ಇಲ್ಲವೇ ಮಕ್ಕಳು ಕೂರುವ ಮೊದಲೇ ಬಸ್ಸು ಹೊರಡುತ್ತಿದೆ, ಹೆಚ್ಚಾಗಿ ಎರಡೂ. ಇಲ್ಲಿ ಚಾಲಕನನ್ನು ಬೈಯುವುದು ಸುಲಭ, ಆದರೆ ಆತನಿಗೆ ಆ ವೇಗವನ್ನು ಬರೆದುಕೊಟ್ಟದ್ದು ವೇಳಾಪಟ್ಟಿ, ವೇಳಾಪಟ್ಟಿಯನ್ನು ಹಾಗೆ ಹಿಂಡಿದ್ದು ಎರಡನೇ ಟ್ರಿಪ್. ಬಸ್ಸೊಂದನ್ನು ಉಳಿಸಲು ಹೋಗಿ ಒಂದೇ ಬಸ್ಸಿನಲ್ಲಿ ಎರಡು ಊರ ದಿಕ್ಕು ಮುಗಿಸುವ ಶಾಲೆಗಳಲ್ಲಿ ಮಿತಿಮೀರಿದ ಸಂಖ್ಯೆಯೂ ಮಿತಿಮೀರಿದ ವೇಗವೂ ಜೊತೆಯಾಗಿಯೇ ಸಿಗುತ್ತವೆ. ಬೆಳಿಗ್ಗೆ, ಸಂಜೆ ಮಾತ್ರ ಕೆಲಸವೆಂದು ಅರ್ಧ ಸಂಬಳ ಕೊಡುವ ಕಡೆ ಚಾಲಕ ರಾತ್ರಿ ಬೇರೆ ಬಾಡಿಗೆಗೆ ಹೋಗುತ್ತಾನೆ, ನಿದ್ದೆಗೆಟ್ಟು ಬೆಳಿಗ್ಗೆ ನಿಮ್ಮ ಸ್ಟಾಪಿಗೆ ಬರುತ್ತಾನೆ. ಜಿಪಿಎಸ್, ಕ್ಯಾಮೆರಾ ಹಾಕಿಸಿದರೆ ಇದು ಸರಿಹೋಗದು. ಬಸ್ಸು ಎಲ್ಲಿದೆ ಎಂದು ಅದು ನಿಮಗೆ ಹೇಳೀತು, ನಿಧಾನವಾಗಿ ಹೋಗು ಎಂದು ಚಾಲಕನಿಗೆ ಹೇಳಲಾರದು.

ಓಮ್ನಿಯ ಯೋಚನೆಯನ್ನು ದಯವಿಟ್ಟು ಕೈಬಿಡಿ, ಉಳಿದವರಿಗೂ ಹೇಳಿ. 2016ರ ಜೂನ್ 21ರಂದು ಕುಂದಾಪುರ ತಾಲ್ಲೂಕಿನ ತ್ರಾಸಿ ಬಳಿ ಬಸ್ಸಿಗೆ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡದ್ದು ಅಂಥದೇ ವ್ಯಾನಿನಲ್ಲಿ. ಆ ಪುಟ್ಟ ಗಾಡಿಯಲ್ಲಿ ಹದಿನೈದಕ್ಕೂ ಹೆಚ್ಚು ಮಕ್ಕಳಿದ್ದರು. ಓಮ್ನಿಯಲ್ಲಿ ಚಾಲಕನ ಮೊಣಕಾಲಿಗೂ ಎದುರಿನ ವಾಹನಕ್ಕೂ ನಡುವೆ ತಗಡೊಂದೇ ಇರುವುದು. ಗ್ಯಾಸ್ ಕಿಟ್ ಹಾಕಿಸಿದ್ದರೆ ಸಿಲಿಂಡರ್ ಹಿಂದಿನ ಮಕ್ಕಳ ಬೆನ್ನಿಗೇ ಇರುತ್ತದೆ. ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಪರ್ಮಿಟ್ ಇಲ್ಲದೆ ಓಡಿಸಿದ ಅಪರಾಧವಾದ್ದರಿಂದ ಅಪಘಾತವಾದಾಗ ವಿಮಾ ಕಂಪನಿಗೆ ತಕರಾರು ತೆಗೆಯಲು ದಾರಿಯಾಗುತ್ತದೆ. ತಿಂಗಳಿಗೆ ಒಂದಿಷ್ಟು ಹಣ ಉಳಿಯಬಹುದು, ಆದರೆ ಬಸ್ಸಿನಲ್ಲಿ ನಿಮಗೆ ಪ್ರಶ್ನಿಸಲು ಒಂದು ಶಾಲೆಯಾದರೂ ಇದೆ, ಇಲ್ಲಿ ಯಾರೂ ಇಲ್ಲ. ಪರ್ಮಿಟ್ ಇರುವ, ಹಳದಿ ಮೈಗೆ ಹಸಿರು ಪಟ್ಟಿ ಬಳಿದು ‘ಸ್ಕೂಲ್ ಕ್ಯಾಬ್’ ಎಂದು ಬರೆಸಿದ ವಾಹನ ಸಿಗುವುದಾದರೆ ಮಾತು ಬೇರೆ. ಸರ್ಕಾರಿ ಬಸ್ಸು ನಿಮ್ಮ ಹಳ್ಳಿಗೆ ಆ ಹೊತ್ತಿಗೆ ಬರುವಂತಿದ್ದರೆ ಡಿಪೊ ವ್ಯವಸ್ಥಾಪಕರಿಗೆ ಊರಿನವರೆಲ್ಲ ಸಹಿ ಹಾಕಿ ಕೊಟ್ಟ ಮನವಿಗೆ ಬೆಲೆ ಉಂಟು, ಆದರೆ ಎರಡನೇ ತರಗತಿಯ ಮಗುವಿನ ಜೊತೆ ದೊಡ್ಡವರೊಬ್ಬರು ಹೋಗಬೇಕಾಗುತ್ತದೆ. ನೀವೇ ಸ್ಕೂಟರಿನಲ್ಲಿ ಬಿಡುವುದಾದರೆ ಮಗುವಿಗೂ ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು, ನಾಲ್ಕು ವರ್ಷ ದಾಟಿದವರಿಗೆಲ್ಲ ಅದು ಕಡ್ಡಾಯ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ದಿನಕ್ಕೆರಡು ಸಲ ಹೋಗುವ ಆ ಪ್ರಯಾಣವನ್ನು ನಾನು ಬಸ್ಸಿಗಿಂತ ಸುರಕ್ಷಿತ ಎನ್ನಲಾರೆ.

ಇನ್ನು ಆ ಸಂಜೆಯ ಸ್ಟಾಪು. ದೊಡ್ಡ ಬಸ್ಸಿನ ಚಾಲಕನ ಸೀಟಿನಲ್ಲಿ ಒಮ್ಮೆ ನೀವೇ ಕೂತು ನೋಡಿ, ಶಾಲೆಯವರು ಬೇಡವೆನ್ನಲಾರರು. ನಿಮ್ಮ ಮಗಳನ್ನು ಬಂಪರಿಗೆ ಒಂದು ಹೆಜ್ಜೆ ದೂರದಲ್ಲಿ ನಿಲ್ಲಿಸಿದರೆ ಗಾಜಿನಲ್ಲಿ ಆಕೆಯ ತಲೆಗೂದಲೂ ಕಾಣುವುದಿಲ್ಲ. ಹಿಂದಿನ ಎಡ ಚಕ್ರದ ಪಕ್ಕ ಬಗ್ಗಿ ನೀರಿನ ಬಾಟಲಿ ಎತ್ತಿಕೊಳ್ಳುವ ಮಗು ಕನ್ನಡಿಯಲ್ಲಿ ಸಿಗುವುದಿಲ್ಲ. ಇಳಿದ ಮಗು ಬಸ್ಸಿನ ಮುಂದಿನಿಂದ ರಸ್ತೆ ದಾಟಲು ಓಡಿದರೆ, ನಿಂತ ಬಸ್ಸನ್ನು ಬಲಕ್ಕೆ ಹಿಂದಿಕ್ಕಿ ಬರುವ ಬೈಕಿನವನಿಗೆ ಅದು ಕಾಣುವುದು ಕೊನೆಯ ಕ್ಷಣದಲ್ಲೇ. ಅಮೆರಿಕದಲ್ಲಿ ಶಾಲಾ ಬಸ್ಸು ಕೆಂಪು ದೀಪ ಮಿಟುಕಿಸಿ ನಿಂತರೆ ಹಿಂದಿನ ವಾಹನಗಳೂ ನಿಲ್ಲಬೇಕು. ನಮ್ಮ ರಸ್ತೆಯಲ್ಲಿ ಆ ಅಭ್ಯಾಸ ಯಾರಿಗೂ ಇಲ್ಲ, ಹಾರ್ನ್ ಹಾಕಿ ಮುಂದೆ ಹೋಗುತ್ತಾರೆ. ಆದ್ದರಿಂದ ಮಗು ದಾಟಲೇಬೇಕಾಗದಂತೆ ಸ್ಟಾಪನ್ನು ಜೋಡಿಸುವುದೇ ಸರಿಯಾದ ದಾರಿ.

ಅದಕ್ಕೆ ಬಹಳ ಸಲ ಸಾಕಾಗುವುದು, ಸಂಜೆ ಮಾರ್ಗವನ್ನು ತಿರುವುಮುರುವು ಮಾಡುವುದು. ಬಸ್ಸು ನಿಮ್ಮ ಊರನ್ನು ದಾಟಿ ಮುಂದಿನ ತಿರುವಿನಲ್ಲಿ ತಿರುಗಿ ಬಂದರೆ ಮಗಳು ಮನೆಯ ಕಡೆಗೇ ಇಳಿಯುತ್ತಾಳೆ. ಶಾಲೆಗೆ ಇದರಿಂದ ಸ್ವಲ್ಪ ಡೀಸೆಲ್ ಹೆಚ್ಚು, ಸ್ವಲ್ಪ ಹೊತ್ತು ಹೆಚ್ಚು. ಆದರೆ ವಿಭಜಕ ಎಲ್ಲಿ ತೆರೆದಿದೆ, ಅಷ್ಟು ಉದ್ದದ ಬಸ್ಸು ಅಲ್ಲಿ ತಿರುಗಬಹುದೇ, ಸ್ಟಾಪು ತಿರುವಿನಲ್ಲಿದೆಯೇ, ಅಲ್ಲಿ ಲಾರಿಗಳನ್ನು ನಿಲ್ಲಿಸುತ್ತಾರೆಯೇ ಎನ್ನುವುದನ್ನು ತೀರ್ಮಾನಿಸಲು ಪೊಲೀಸರು ಬೇಕು. ಅಪಘಾತಗಳು ಯಾವ ಜಾಗದಲ್ಲಿ ಆಗುತ್ತವೆ ಎಂಬುದು ಠಾಣೆಯ ಕಡತದಲ್ಲಿರುತ್ತದೆ, ಶಾಲೆಯ ಕಡತದಲ್ಲಿ ಇರುವುದಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ಒಬ್ಬ ಬೀಟ್ ಕಾನ್‌ಸ್ಟೆಬಲ್ ಇಪ್ಪತ್ತು ನಿಮಿಷ ನಿಲ್ಲುವುದು, ಆ ಹೊತ್ತಿನಲ್ಲಿ ಊರೊಳಗಿನ ರಸ್ತೆಗೆ ಮರಳಿನ ಲಾರಿ, ಟಿಪ್ಪರ್ ಬಿಡದಿರುವುದು ಇಂಥವೂ ಅವರಿಂದಲೇ ಆಗಬೇಕು. ಭಾರಿ ವಾಹನಗಳನ್ನು ನಿರ್ಬಂಧಿಸಲು ಕಾಯ್ದೆಯ 115ನೇ ಕಲಮಿನಲ್ಲಿ ಅಧಿಕಾರವಿದೆ. ಶಾಲೆಯ ಕಡೆಯಿಂದ ಆಗಬೇಕಾದದ್ದು ಸಹಾಯಕಿ. ಆಕೆ ಮೊದಲು ಇಳಿದು, ಮಕ್ಕಳನ್ನು ರಸ್ತೆಯಿಂದ ಆಚೆ ನಿಲ್ಲಿಸಿ, ತಾನು ಮತ್ತೆ ಹತ್ತಿ ಬಾಗಿಲು ಹಾಕಿದ ಮೇಲೆಯೇ ಚಾಲಕ ಗೇರ್ ಹಾಕಬೇಕು. ಮನೆಯವರು ಯಾರೂ ಬಂದಿರದಿದ್ದರೆ ಪುಟ್ಟ ಮಕ್ಕಳನ್ನು ಅಲ್ಲಿ ಬಿಡದೆ ಶಾಲೆಗೇ ವಾಪಸು ಕರೆದೊಯ್ದು ಫೋನ್ ಮಾಡಬೇಕು. ಕೊನೆಯ ಸ್ಟಾಪಿನ ಮಗು ಚಾಲಕನೊಬ್ಬನ ಜೊತೆ ಉಳಿಯಬಾರದು, ಟ್ರಿಪ್ ಮುಗಿದ ಮೇಲೆ ಹಿಂದಿನ ಸೀಟಿನ ತನಕ ನಡೆದುಹೋಗಿ ನಿದ್ದೆಹೋದ ಮಗು ಇಲ್ಲವೆಂದು ನೋಡಬೇಕು.

ಶಾಲೆ ಮತ್ತು ಪೊಲೀಸರ ಸಹಕಾರ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ‘ತೆರೆದ ಮನೆ’ ಕಾರ್ಯಕ್ರಮಕ್ಕೆ ಮಕ್ಕಳನ್ನು ಠಾಣೆಗೆ ಕರೆದೊಯ್ದು, ವಾಕಿಟಾಕಿ ತೋರಿಸಿ, ಫೋಟೊ ತೆಗೆಸುವಲ್ಲಿಗೆ ಮುಗಿಯುತ್ತದೆ. ಅದು ಬೇಡವೆನ್ನುತ್ತಿಲ್ಲ, ನಿಮ್ಮ ಮಗಳ ಭಯ ಹೋಗಲು ಅದೇ ಒಳ್ಳೆಯ ಔಷಧಿ. ಆದರೆ ಅದೇ ದಿನ ಶಾಲೆಯವರು ಬಸ್ಸುಗಳ ನಂಬರ್, ಚಾಲಕರ ಲೈಸೆನ್ಸ್ ಪ್ರತಿ, ಸ್ಟಾಪುಗಳ ಪಟ್ಟಿ ಮತ್ತು ಹೊತ್ತು, ಜವಾಬ್ದಾರಿ ಹೊತ್ತ ಶಿಕ್ಷಕರೊಬ್ಬರ ಫೋನ್ ನಂಬರ್ ಇಷ್ಟನ್ನು ಎರಡು ಹಾಳೆಯಲ್ಲಿ ಠಾಣೆಗೆ ಕೊಟ್ಟು, ಚಾಲಕ ಮತ್ತು ಸಹಾಯಕಿಯ ಪೂರ್ವಾಪರ ಪರಿಶೀಲನೆಗೆ ಅರ್ಜಿ ಹಾಕಿದ್ದರೆ ಹೆದ್ದಾರಿಯ ಬದಿಯ ಆ ಮುಕ್ಕಾಲು ಗಂಟೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ತಮಿಳುನಾಡಿನಲ್ಲಿ 2012ರ ಜುಲೈನಲ್ಲಿ ತಾಂಬರಂ ಬಳಿ ಶಾಲಾ ಬಸ್ಸಿನ ನೆಲದ ತೂತಿನಿಂದ ಎರಡನೇ ತರಗತಿಯ ಬಾಲಕಿ ಕೆಳಗೆ ಬಿದ್ದು ತೀರಿಕೊಂಡ ಮೇಲೆ ಅದೇ ವರ್ಷ ವಿಶೇಷ ನಿಯಮಗಳು ಬಂದವು. ಅಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ, ಶಾಲೆ ತೆರೆಯುವ ಮುನ್ನ, ಬಸ್ಸುಗಳನ್ನೆಲ್ಲ ಒಂದು ಮೈದಾನದಲ್ಲಿ ನಿಲ್ಲಿಸಿ ಕಂದಾಯ, ಪೊಲೀಸ್, ಸಾರಿಗೆ, ಶಿಕ್ಷಣ ಇಲಾಖೆಗಳು ಜೊತೆಯಾಗಿ ಪರೀಕ್ಷಿಸುತ್ತವೆ. ಒಬ್ಬರು ತುರ್ತು ಬಾಗಿಲನ್ನು ಎಳೆದು ನೋಡುತ್ತಾರೆ, ಇನ್ನೊಬ್ಬರು ಚಾಲಕರ ಕಣ್ಣು ಪರೀಕ್ಷೆ ಮಾಡಿಸುತ್ತಾರೆ. ನಾನು ಕಂಡಂತೆ ತುರ್ತು ಬಾಗಿಲುಗಳ ಕಥೆ ಎಲ್ಲ ಕಡೆಯೂ ಒಂದೇ: ತುಕ್ಕು ಹಿಡಿದ ಕೊಂಡಿಗೆ ಹಗ್ಗ ಬಿಗಿದಿರುತ್ತಾರೆ, ಒಳಗಿನಿಂದ ಅದಕ್ಕೆ ಅಡ್ಡಲಾಗಿ ಸ್ಟೆಪ್ನಿ ಅಥವಾ ಬ್ಯಾಗುಗಳ ರಾಶಿ. ಬೇಸಿಗೆಯಲ್ಲಿ ನೋಡಿದರೆ ರಿಪೇರಿಗೆ ಹೊತ್ತಿರುತ್ತದೆ, ಜುಲೈನಲ್ಲಿ ರಸ್ತೆಯ ಮೇಲೆ ನೋಡಿದರೆ ದಂಡ ಮಾತ್ರ.

ದಿನನಿತ್ಯದ ಮಾರ್ಗದಾಚೆಗಿನ ಓಡಾಟವನ್ನೂ ಈ ಪಟ್ಟಿಗೆ ಸೇರಿಸಲು ಹೇಳಿ. 2024ರ ಜನವರಿಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡದ್ದು ವಾರ್ಷಿಕೋತ್ಸವ ಮುಗಿಸಿ ರಾತ್ರಿ ಮರಳುವಾಗ, ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ. ಬೆಳಗಿನಿಂದ ದುಡಿದ ಚಾಲಕನೇ ನಡುರಾತ್ರಿಯ ಟ್ರಿಪ್ಪಿಗೂ ಹೋಗುವುದು, ಕಬ್ಬಿನ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ರಸ್ತೆಯಲ್ಲಿರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅಂಥ ದಿನ ಠಾಣೆಗೆ ಮುಂಚೆಯೇ ತಿಳಿಸಿದ್ದರೆ ಗಸ್ತು ಜೀಪಾದರೂ ಆ ದಾರಿಯಲ್ಲಿ ಇರುತ್ತದೆ.

ಹಾಗಾದರೆ ನೀವೇನು ಮಾಡಬೇಕು. ಒಬ್ಬರೇ 112ಕ್ಕೆ ಕರೆ ಮಾಡಿ ದೂರು ಕೊಡುವುದು ಚಾಲಕ ಕುಡಿದಿದ್ದಾನೆ, ಬಸ್ಸು ಅಪಾಯಕಾರಿಯಾಗಿ ಓಡುತ್ತಿದೆ ಎಂಬಂಥ ಆ ಹೊತ್ತಿನ ಸಂಕಟಕ್ಕೆ ಸರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೂ ಯಾರನ್ನೂ ಕೇಳುತ್ತ ಕೂರಬೇಡಿ, ನೇರವಾಗಿ ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಪೋಕ್ಸೊ ಕಾಯ್ದೆಯಡಿ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಆದರೆ ವೇಳಾಪಟ್ಟಿ, ಸಂಖ್ಯೆ, ಸ್ಟಾಪು ಇವುಗಳಿಗೆ ಆ ದಾರಿ ಹಿಡಿದರೆ ಇನ್ನೊಂದು ದಂಡ, ಇನ್ನೊಂದು ಕಾಯುವಿಕೆ ಆಗುತ್ತದೆ, ಮಾರ್ಗ ಹಾಗೇ ಉಳಿಯುತ್ತದೆ. ಶಾಲೆ ಸಿಟ್ಟಿಗೆದ್ದು ಬಸ್ಸು ನಿಲ್ಲಿಸಿದರೆ ಪೋಷಕರೆಲ್ಲ ಓಮ್ನಿ ಹತ್ತಿಸುತ್ತಾರೆ, ಅದು ಇರುವುದಕ್ಕಿಂತ ಕೆಟ್ಟದ್ದು.

ನಿಮ್ಮ ಮಾರ್ಗದ ಹತ್ತು-ಹದಿನೈದು ಪೋಷಕರು ಸೇರಿ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆಯಿರಿ. ದೂರಿನ ಧಾಟಿ ಬೇಡ. 18 ಸ್ಟಾಪಿನ ಆ ಲೆಕ್ಕವನ್ನೇ ಬರೆಯಿರಿ, ಅದಕ್ಕೆ ಯಾರೂ ಎದುರಾಡಲಾರರು. ಬಸ್ಸು 6.50ಕ್ಕೆ ಹೊರಡಲಿ, ಹತ್ತಿರದ ಸ್ಟಾಪುಗಳನ್ನು ಕೂಡಿಸಿ ಹನ್ನೆರಡಕ್ಕೆ ಇಳಿಸಲಿ, ಮಕ್ಕಳನ್ನು ಬೇಗ ಎಬ್ಬಿಸಿ ಇನ್ನೂರು ಹೆಜ್ಜೆ ನಡೆಸಿಕೊಂಡು ಬರಲು ನಾವು ಸಿದ್ಧ ಎಂದು ನಿಮ್ಮ ಪಾಲನ್ನೂ ಸೇರಿಸಿ. ಇಲ್ಲಿ ಪೋಷಕರೂ ಸ್ವಲ್ಪ ಬಿಟ್ಟುಕೊಡಬೇಕು. ಪ್ರತಿ ಮನೆಯೆದುರೂ ಬಸ್ಸು ನಿಲ್ಲಬೇಕೆಂದು ಹಟ ಹಿಡಿದು ಸ್ಟಾಪುಗಳನ್ನು ಹದಿನೆಂಟಕ್ಕೆ ಏರಿಸಿದವರೂ ನಾವೇ. ಶುಲ್ಕ ಏರೀತು ಎಂಬುದೂ ನಿಜ, ಎರಡನೇ ಬಸ್ಸು ಪುಕ್ಕಟೆ ಬರುವುದಿಲ್ಲ. ಆ ಪತ್ರದಲ್ಲೇ ಠಾಣೆಯ ಪಿಎಸ್‌ಐ ಮತ್ತು ಆರ್‌ಟಿಒ ಕಚೇರಿಯ ನಿರೀಕ್ಷಕರನ್ನು ಶಾಲೆಗೆ ಕರೆಸಿ ಒಂದು ಸಭೆ ನಡೆಸಲು ಕೋರಿ, ಸಭೆಯಾದ ಮೇಲೆ ಅದೇ ಬಸ್ಸಿನಲ್ಲಿ ಅವರನ್ನು ಒಮ್ಮೆ ಮಾರ್ಗದುದ್ದಕ್ಕೂ ಕರೆದೊಯ್ಯಲು ಹೇಳಿ. ಸಭೆಗಿಂತ ಆ ಸುತ್ತಾಟದಲ್ಲೇ ಹೆಚ್ಚು ಕೆಲಸವಾಗುತ್ತದೆ. ನಿಮ್ಮ ಸ್ಟಾಪಿನಲ್ಲಿ ಇಳಿದು ನಿಂತ ಪಿಎಸ್‌ಐಗೆ ಲಾರಿ ಎಷ್ಟು ಹತ್ತಿರದಿಂದ ಹೋಗುತ್ತದೆಂದು ಯಾರೂ ವಿವರಿಸಬೇಕಾಗುವುದಿಲ್ಲ.

ಶಾಲೆ ಹದಿನೈದು ದಿನದಲ್ಲಿ ಉತ್ತರಿಸದಿದ್ದರೆ ಅದೇ ಪತ್ರದ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕಳುಹಿಸಿ. ಆ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿ ಇಲಾಖೆಯವರು ಸದಸ್ಯರು. ಹೆದ್ದಾರಿಯಲ್ಲಿ ದಾಟುದಾರಿ, ಫಲಕ, ಉಬ್ಬು ಬೇಕಾದರೆ ಠಾಣೆಯಲ್ಲಿ ಎಷ್ಟು ಕೇಳಿದರೂ ಆಗದು, ಈ ಸಮಿತಿಯಲ್ಲಿ ಆಗುತ್ತದೆ. ಕಾರ್ಯಸೂಚಿಗೆ ಸೇರಿದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಯಾರಾದರೂ ಉತ್ತರ ಕೊಡಲೇಬೇಕು.

ಮಗಳ ಮೇಲೆ ಸಿಟ್ಟು ತೀರಿಸಿಕೊಂಡಾರೆಂಬ ಅಳುಕು ಆಧಾರವಿಲ್ಲದ್ದೆಂದು ನಾನು ತಳ್ಳಿಹಾಕುವುದಿಲ್ಲ, ಸಣ್ಣ ಊರುಗಳಲ್ಲಿ ಅದು ನಡೆಯುತ್ತದೆ. ಅದಕ್ಕಾಗಿಯೇ ಹಲವರ ಸಹಿ ಎಂದದ್ದು. ಸಹಿಗಳನ್ನು ಅಕ್ಷರಕ್ರಮದಲ್ಲಿ ಹಾಕಿಸಿ, ಮೊದಲ ಹೆಸರು ಯಾರದೆಂಬ ಮಾತೇ ಬರದು. ಪತ್ರ ತಲುಪಿದ್ದಕ್ಕೆ ಕಚೇರಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಳ್ಳಿ. ಸಭೆ ನಿಗದಿಯಾಗಿ ಮಾರ್ಗ ಬದಲಾಗುವ ತನಕ, ಸಂಜೆ ಮನೆಯಿಂದ ಯಾರಾದರೂ ಹೆದ್ದಾರಿಯ ಈಚೆಗಲ್ಲ, ಬಸ್ಸು ನಿಲ್ಲುವ ಆಚೆ ಬದಿಯಲ್ಲೇ ಮೊದಲೇ ಹೋಗಿ ನಿಂತಿರಲಿ, ಬಸ್ಸು ಹೋದ ಮೇಲೆಯೇ ಕೈಹಿಡಿದು ದಾಟಿಸಲಿ. ಈಚೆ ಬದಿಯಲ್ಲಿ ಅಮ್ಮನನ್ನು ಕಂಡ ಮಗು ಓಡಿಬರದೆ ಇರುವುದಿಲ್ಲ.